‘ಮಾಡಿ–ಮಾಡಬೇಡಿ’ ಪಟ್ಟಿ: ಗುಂಡಿನ ಲೆಕ್ಕಕ್ಕೆ ಪಕ್ಕಾ, ಹುಕುಂ ನಿರಾಕರಿಸಲು ಅರೆಬರೆ

ಸೈನಿಕನ ಬೂಟು, ಹೆಲ್ಮೆಟ್ಟು, ಗುಂಡುನಿರೋಧಕ ಜಾಕೆಟ್ಟಿನ ಗುಣಮಟ್ಟದ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಅವುಗಳ ಜೊತೆಗೇ ಅವನಿಗೆ ಸಿಗುವ ಇನ್ನೊಂದು ಸಾಮಾನನ್ನು ಮಾತ್ರ ಯಾರೂ ಎತ್ತಿ ತೂಗಿ ನೋಡುವುದಿಲ್ಲ. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ, ಅಂದರೆ ಆಫ್‌ಸ್ಪಾ ಜಾರಿಯಲ್ಲಿರುವ ಪ್ರದೇಶದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂದು ಭೂಸೇನೆ ಕೊಟ್ಟಿರುವ ಸೂಚನೆಗಳ ಪಟ್ಟಿ ಅದು. ‘ಡೂಸ್ ಅಂಡ್ ಡೋಂಟ್ಸ್’ ಎಂದೇ ಎಲ್ಲರ ಬಾಯಲ್ಲಿ ಬಳಕೆ. ಒಂದು ಉಪಕರಣವಾಗಿ ಇದು ಎಷ್ಟು ಕೆಲಸಕ್ಕೆ ಬರುತ್ತದೆ, ಮೇಲಿನವರು ಕಾನೂನು ಮೀರಿದ ಹುಕುಂ ಕೊಟ್ಟ ಗಳಿಗೆಯಲ್ಲಿ ಎಲ್ಲಿ ಕೈಕೊಡುತ್ತದೆ ಎನ್ನುವುದು ಈ ವಿಮರ್ಶೆಯ ವಿಷಯ.

ಮೊದಲಿಗೆ ಇದರ ದೊಡ್ಡ ಹೆಚ್ಚುಗಾರಿಕೆ. ಇದು ಬರೀ ಬುದ್ಧಿಮಾತಲ್ಲ. 1997ರ ನವೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆಫ್‌ಸ್ಪಾವನ್ನು ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ಈ ಸೂಚನೆಗಳಿಗೆ ಸೈನಿಕರು ಬದ್ಧರು, ಮೀರಿದವರಿಗೆ ಸೇನಾ ಕಾಯ್ದೆಯಡಿ ತಕ್ಕ ಶಿಕ್ಷೆ ಆಗಬೇಕು ಎಂದೂ ಹೇಳಿತು. ಇದರ ಬೆಲೆ ತಿಳಿಯಬೇಕಾದರೆ ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಸೈನಿಕರ ಜೇಬಿನಲ್ಲಿದ್ದ ‘ಹಳದಿ ಕಾರ್ಡ್’ ನೆನೆಯಬೇಕು. ಯಾವಾಗ ಗುಂಡು ಹಾರಿಸಬಹುದು ಎಂದು ಅದರಲ್ಲೂ ಬರೆದಿತ್ತು. ಆದರೆ ಅದಕ್ಕೆ ಕಾನೂನಿನ ಬಲ ಇಲ್ಲ ಎಂದೇ ಅಲ್ಲಿನ ನ್ಯಾಯಾಲಯಗಳು ನಡೆದುಕೊಂಡವು. ನಮ್ಮ ಪಟ್ಟಿಗೆ ಹಲ್ಲಿದೆ. ಕಚ್ಚುತ್ತದೆಯೋ ಇಲ್ಲವೋ, ಆ ಮಾತು ಮುಂದೆ.

ಗುಂಪು ಚದುರಿಸಲು ಆಡಳಿತ ಸೇನೆಯ ನೆರವು ಕೇಳಿದಾಗ ಹೇಗೆ ನಡೆದುಕೊಳ್ಳಬೇಕು ಎನ್ನುವ ಭಾಗ ಇಡೀ ಪಟ್ಟಿಯಲ್ಲೇ ಅಚ್ಚುಕಟ್ಟಾದದ್ದು. ಮ್ಯಾಜಿಸ್ಟ್ರೇಟ್ ಸ್ಥಳದಲ್ಲಿದ್ದರೆ ಅವರಿಂದ ಕೋರಿಕೆ ಪಡೆಯಬೇಕು. ಗುಂಡು ಹಾರಿಸಲೇಬೇಕೆಂದಾದರೆ ಸ್ಥಳೀಯ ಭಾಷೆಯಲ್ಲಿ ಎಚ್ಚರಿಸಬೇಕು. ಇದು ಬರೀ ಸದ್ದಲ್ಲ, ತಾಗುವ ಗುಂಡು ಎಂದು ಜನಕ್ಕೆ ತಿಳಿಯಬೇಕು. ಬ್ಯೂಗಲ್ ಊದಿಯೋ ಬೇರೆ ರೀತಿಯಲ್ಲೋ ಮೊದಲು ಗಮನ ಸೆಳೆಯಬೇಕು. ಸೈನಿಕರನ್ನು ಸಣ್ಣ ತಂಡಗಳಾಗಿ ಹಂಚಿ, ಒಂದೊಂದಕ್ಕೂ ಕಮಾಂಡರನನ್ನು ಗೊತ್ತುಮಾಡಬೇಕು. ಕಮಾಂಡರ್ ಖುದ್ದು ಆದೇಶ ಕೊಟ್ಟು ಗುಂಡಿನ ಹತೋಟಿ ಇಟ್ಟುಕೊಳ್ಳಬೇಕು. ಗುರಿ ಕೆಳಮಟ್ಟದಲ್ಲಿರಬೇಕು, ಅದೂ ದೊಂಬಿ ನಡೆಸುತ್ತಿರುವ ಮುಂದಿನ ಸಾಲಿಗೆ ಅಥವಾ ಎದ್ದು ಕಾಣುವ ಮುಂದಾಳುಗಳಿಗೆ. ಹಿಂದಿನ ದಟ್ಟ ಗುಂಪಿಗಲ್ಲ. ಎಲ್‌ಎಂಜಿಯಂಥ ಯಂತ್ರಬಂದೂಕು ಮೀಸಲಿನಲ್ಲಿರಬೇಕು. ಉದ್ದೇಶ ಈಡೇರಿದ ತಕ್ಷಣ ನಿಲ್ಲಿಸಬೇಕು, ಗಾಯಾಳುಗಳನ್ನು ನೋಡಿಕೊಳ್ಳಬೇಕು, ಹಾರಿದ ಗುಂಡುಗಳನ್ನು ಎಣಿಸಿ ಬರೆದಿಡಬೇಕು.

ಒಂದೊಂದು ಸಾಲಿಗೂ ಕಾರಣವಿದೆ. ತಂಡ ಹಂಚದೆ ಸಾಲಾಗಿ ನಿಲ್ಲಿಸಿದರೆ ಒಬ್ಬ ಗಾಬರಿಯಲ್ಲಿ ಟ್ರಿಗರ್ ಒತ್ತಿದ ಸದ್ದಿಗೇ ಉಳಿದವರದ್ದೂ ಶುರುವಾಗುತ್ತದೆ. ಯಾರ ಮಾತಿಗೆ ಯಾರು ಹಾರಿಸಿದರು ಎಂದು ಆಮೇಲೆ ಬಿಡಿಸಲಾಗದು. ಗುರಿ ಮೇಲಕ್ಕೆ ಹೋದರೆ ಮುಂದಿನ ಸಾಲಿನ ಪುಂಡ ಉಳಿದು, ಎಲ್ಲೋ ಹಿಂದೆ ಮಹಡಿಯಲ್ಲಿ ನಿಂತವನು ಬೀಳುತ್ತಾನೆ. ಯಂತ್ರಬಂದೂಕಿಗೆ ‘ಒಂದೇ ರೌಂಡ್, ಅವನೊಬ್ಬನಿಗೆ’ ಎಂದು ಹೇಳಲಾಗದು. ಈ ಸೂಚನೆಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿದರೆ ಸಿಗುವುದು 1919ರ ಏಪ್ರಿಲ್ 13ರ ಜಲಿಯನ್‌ವಾಲಾ ಬಾಗ್: ಎಚ್ಚರಿಕೆ ಇಲ್ಲ, 50 ರೈಫಲ್‌ಗಳು, ಸುಮಾರು ಹತ್ತು ನಿಮಿಷ, ಜನ ದಟ್ಟವಾಗಿದ್ದ ಕಡೆಗೇ ಗುರಿ, 1,650 ಸುತ್ತು. ಆ ಅಂಕಿ ಇವತ್ತಿಗೂ ನಮಗೆ ಗೊತ್ತಿರುವುದು ಹಾರಿದ ಗುಂಡಿನ ಲೆಕ್ಕ ಸಿಕ್ಕಿದ್ದರಿಂದ. ಲೆಕ್ಕ ಬರೆಯುವ ಸಾಲು ಗುಮಾಸ್ತನ ಕೆಲಸದಂತೆ ಕಂಡರೂ ಉತ್ತರದಾಯಿತ್ವ ನಿಂತಿರುವುದೇ ಅದರ ಮೇಲೆ. ಶಸ್ತ್ರಾಗಾರದಿಂದ, ಸೈನಿಕರ ಮಾತಿನ ‘ಕೋತ್’ನಿಂದ, ಹೊರಟ ಸುತ್ತು ಎಷ್ಟು, ಮರಳಿದ್ದೆಷ್ಟು, ಖಾಲಿ ಕೋಶ ಎಷ್ಟು ಎಂಬ ಮೂರು ಅಂಕಿ ತಾಳೆಯಾಗದಿದ್ದರೆ ಮಿಕ್ಕ ಕಥೆಯನ್ನು ಎಷ್ಟು ಚೆನ್ನಾಗಿ ಕಟ್ಟಿದರೂ ನಿಲ್ಲುವುದಿಲ್ಲ.

ದಾಳಿ, ಬಂಧನದ ಭಾಗವೂ ಇದೇ ಜಾಡಿನದು. ಹೊರಡುವ ಮುನ್ನ ಸ್ಥಳೀಯ ಆಡಳಿತದಿಂದ ಖಚಿತ ಮಾಹಿತಿ, ಸಾಧ್ಯವಾದಷ್ಟೂ ಅವರ ಪ್ರತಿನಿಧಿ ಜೊತೆಗೆ. ಮಹಿಳೆಯರ ತಪಾಸಣೆ ಮಹಿಳಾ ಪೊಲೀಸರಿಂದ ಮಾತ್ರ. ಮುಗಿದ ಮೇಲೆ ಬಂಧಿತರ ಪಟ್ಟಿ, ಸಿಕ್ಕ ಆಯುಧಗಳ ಪಟ್ಟಿ, ಜಪ್ತಿ ಮಹಜರು, ಠಾಣೆಗೆ ಒಪ್ಪಿಸಿದ್ದಕ್ಕೆ ರಸೀದಿ, ಕಾರ್ಯಾಚರಣೆಯಲ್ಲಿ ಯಾರ್‍ಯಾರಿದ್ದರು, ಕಮಾಂಡರ್ ಯಾರು, ದಿನಾಂಕ, ಹೊತ್ತು. ಯಾರಾದರೂ ಸತ್ತರೆ ದೇಹವನ್ನು ವಿವರದ ಸಮೇತ ತಕ್ಷಣ ಪೊಲೀಸರಿಗೆ ಒಪ್ಪಿಸಬೇಕು. 2020ರ ಜುಲೈನಲ್ಲಿ ಕಾಶ್ಮೀರದ ಶೋಪಿಯಾನ್ ಜಿಲ್ಲೆಯ ಆಂಶಿಪೋರಾದಲ್ಲಿ ರಜೌರಿಯ ಮೂವರು ಯುವಕರು ಸತ್ತಾಗ, ಆಫ್‌ಸ್ಪಾ ಅಧಿಕಾರ ಮೀರಲಾಗಿದೆ, ಸುಪ್ರೀಂ ಕೋರ್ಟ್ ಒಪ್ಪಿದ ‘ಮಾಡಿ–ಮಾಡಬೇಡಿ’ಗಳ ಉಲ್ಲಂಘನೆ ಆಗಿದೆ ಎಂದು ಎರಡೇ ತಿಂಗಳಲ್ಲಿ ಸೇನೆಯೇ ಹೇಳಿತು. ಅಂದರೆ ತಪ್ಪನ್ನು ಅಳೆಯುವ ಕೋಲಾಗಿ ಪಟ್ಟಿ ಕೆಲಸ ಮಾಡುತ್ತದೆ, ಅದೂ ಸೇನೆಯ ಕೈಯಲ್ಲೇ.

ಒಂದು ಸಾಲು ಮಾತ್ರ ಸಡಿಲ. ಬಂಧಿತನನ್ನು ಪೊಲೀಸರಿಗೆ ಒಪ್ಪಿಸಲು ಎರಡು–ಮೂರು ಗಂಟೆ, ಸಂದರ್ಭ ನೋಡಿಕೊಂಡು 24 ಗಂಟೆ ‘ಅಥವಾ ಹಾಗೇನೋ’ ತನಕ ಹೋಗಬಹುದು ಎಂಬ ಧಾಟಿ ಅಲ್ಲಿದೆ. ಸಂವಿಧಾನದ 22ನೇ ವಿಧಿ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸು ಎನ್ನುತ್ತದೆ. ಅಲ್ಲಿ ‘ಹಾಗೇನೋ’ಗೆ ಜಾಗವಿಲ್ಲ. ಬಂಧಿತನೊಬ್ಬ ಲೆಕ್ಕಕ್ಕೆ ಸಿಗದೆ ಹೋಗುವುದು ಸಾಮಾನ್ಯವಾಗಿ ಇಂಥ ಸಂದಿಯಲ್ಲೇ.

ಈಗ ನಿಜವಾದ ಕೊರತೆಗೆ ಬರೋಣ. ಈ ಪಟ್ಟಿ ಯಾರ ಜೊತೆ ಮಾತಾಡುತ್ತಿದೆ? ಕಮಾಂಡರ್ ಜೊತೆ. ಆಫ್‌ಸ್ಪಾದ 4ನೇ ಸೆಕ್ಷನ್ ಗುಂಡು ಹಾರಿಸುವ, ಬಂಧಿಸುವ ಅಧಿಕಾರವನ್ನು ಕಮಿಷನ್ಡ್ ಅಧಿಕಾರಿ, ವಾರಂಟ್ ಅಧಿಕಾರಿ, ಎನ್‌ಸಿಒಗಳಿಗೆ ಕೊಡುತ್ತದೆ. ಎನ್‌ಸಿಒ ಅಂದರೆ ಹವಾಲ್ದಾರ್, ನಾಯಕ್ ಮಟ್ಟ. ಸಿಪಾಯಿಗೆ ಆ ಅಧಿಕಾರ ಸ್ವಂತವಾಗಿ ಇಲ್ಲ. ಅವನ ಬೆರಳು ಟ್ರಿಗರ್ ಮೇಲೆ ಹೋಗುವುದು ಇನ್ನೊಬ್ಬರ ಮಾತಿನ ಮೇಲೆ. ಹಾಗಿದ್ದೂ, ಆ ಮಾತು ಈ ಪಟ್ಟಿಗೇ ವಿರುದ್ಧವಾಗಿದ್ದರೆ ಅವನು ಏನು ಮಾಡಬೇಕು ಎಂದು 1997ರ ತೀರ್ಪಿನಲ್ಲಿ ಅಚ್ಚಾದ ಸೂಚನೆಗಳಲ್ಲಿ ಒಂದು ಸಾಲೂ ಇಲ್ಲ. ಅಡುಗೆಯವನಿಗೆ ಬರೆದ ಸೂಚನೆಯನ್ನು ಊಟಕ್ಕೆ ಕೂತವನ ಕೈಗೆ ಕೊಟ್ಟ ಹಾಗೆ.

ಸಾಲು ಇಲ್ಲದಿದ್ದರೇನು, ಕಾನೂನು ಇದೆಯಲ್ಲ ಎನ್ನಬಹುದು. ಇದೆ, ಆದರೆ ಚೆದುರಿಕೊಂಡಿದೆ. 1950ರ ಸೇನಾ ಕಾಯ್ದೆಯ 41ನೇ ಸೆಕ್ಷನ್ ಶಿಕ್ಷೆ ಹೇಳುವುದು ‘ಕಾನೂನುಬದ್ಧ ಆದೇಶ’ ಮೀರಿದ್ದಕ್ಕೆ. ಮೇಲಧಿಕಾರಿ ಖುದ್ದಾಗಿ ಕೊಟ್ಟ ಆದೇಶವನ್ನು ಧಿಕ್ಕರಿಸಿದರೆ 14 ವರ್ಷದವರೆಗೆ ಜೈಲು. ಬೇರೆ ಬಗೆಯ ಅವಿಧೇಯತೆಗೆ ಸಕ್ರಿಯ ಸೇವೆಯಲ್ಲಿ, ಅಂದರೆ ಶತ್ರುವಿನ ವಿರುದ್ಧದ ಕಾರ್ಯಾಚರಣೆಯಂಥ ಕೆಲಸದಲ್ಲಿದ್ದರೆ 14, ಇಲ್ಲದಿದ್ದರೆ 5 ವರ್ಷದವರೆಗೆ. ‘ಕಾನೂನುಬದ್ಧ’ ಎಂಬ ಒಂದು ಪದದ ಮೇಲೆ ಸಿಪಾಯಿಯ ಇಡೀ ಬದುಕು ತೂಗಾಡುತ್ತದೆ. ಸೇರುವಾಗ ಅವನು ತೆಗೆದುಕೊಳ್ಳುವ ಪ್ರಮಾಣದಲ್ಲಿ ಆ ಪದವೇ ಇಲ್ಲ. ಸಂವಿಧಾನಕ್ಕೆ ನಿಷ್ಠೆ, ಜೀವಕ್ಕೆ ಅಪಾಯ ಬಂದರೂ ಮೇಲಿನವರ ಆದೇಶ ಪಾಲನೆ, ಇವೆರಡೂ ಅದರಲ್ಲಿವೆ. (ಪಣಕ್ಕಿಡುವುದು ‘ನನ್ನ’ ಜೀವವನ್ನು, ಬೇರೆಯವರದ್ದನ್ನು ಅಲ್ಲ ಎನ್ನುವುದನ್ನು ಗಮನಿಸಿ. ಹಳೆಗನ್ನಡದ ವೀರರ ಜೋಳವಾಳಿ ತಿಂದ ಅನ್ನಕ್ಕೆ, ಅನ್ನವಿಟ್ಟ ಒಡೆಯನಿಗೆ ತೀರಿಸುವ ಋಣ. ಇಲ್ಲಿ ಒಡೆಯನ ಜಾಗದಲ್ಲಿ ಸಂವಿಧಾನ ಕೂತಿದೆ.)

ಇನ್ನು ‘ಹುಕುಂ ಇತ್ತು, ಮಾಡಿದೆ’ ಎಂಬ ಸಮಜಾಯಿಷಿ. ಭಾರತೀಯ ನ್ಯಾಯ ಸಂಹಿತೆಯ 14ನೇ ಸೆಕ್ಷನ್, ಹಳೆಯ ದಂಡ ಸಂಹಿತೆಯ 76, ಇದರ ಮನೆ. ಮೇಲಧಿಕಾರಿಯ ಆದೇಶದಂತೆ, ಕಾನೂನಿನ ಅಪ್ಪಣೆಗೆ ಅನುಸಾರವಾಗಿ ಗುಂಪಿನ ಮೇಲೆ ಗುಂಡು ಹಾರಿಸಿದ ಸೈನಿಕ ಅಪರಾಧಿಯಲ್ಲ ಎಂಬ ಉದಾಹರಣೆ ಅಲ್ಲೇ ಇದೆ. ‘ಕಾನೂನಿನ ಅಪ್ಪಣೆಗೆ ಅನುಸಾರವಾಗಿ’ ಎಂಬ ತುಂಡನ್ನು ನುಂಗಿ ಓದುವವರೇ ಹೆಚ್ಚು. ಸಂಗತಿ ತಪ್ಪಾಗಿ ತಿಳಿದಿದ್ದರೆ, ಉದಾಹರಣೆಗೆ ಎದುರಿಗಿದ್ದವನ ಕೈಯಲ್ಲಿ ಬಂದೂಕಿದೆ ಎಂದು ಪ್ರಾಮಾಣಿಕವಾಗಿ ನಂಬಿದ್ದರೆ, ರಕ್ಷಣೆ ಸಿಗಬಹುದು. ‘ಸಾಹೇಬರು ಹೇಳಿದ್ದೆಲ್ಲ ಮಾಡಲೇಬೇಕು ಅಂದುಕೊಂಡಿದ್ದೆ’ ಎನ್ನುವುದು ಸಂಗತಿಯ ತಪ್ಪಲ್ಲ, ಕಾನೂನಿನ ತಪ್ಪು ತಿಳಿವಳಿಕೆ; ಸೆಕ್ಷನ್ ಅದನ್ನು ಹೆಸರಿಟ್ಟು ಹೊರಗಿಟ್ಟಿದೆ. ಗುಂಪು ಚದುರಿಸುವಾಗ ಸೈನಿಕನನ್ನು ಕಾಯುವ ನಾಗರಿಕ ಸುರಕ್ಷಾ ಸಂಹಿತೆಯ 151ನೇ ಸೆಕ್ಷನ್ ಕೂಡ ‘ಪಾಲಿಸಲೇಬೇಕಾದ’ ಆದೇಶದ ಮಾತನ್ನೇ ಆಡುತ್ತದೆ.

2011ರ ಮೇ 13ರಂದು ನಕಲಿ ಎನ್‌ಕೌಂಟರ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಚ್ಚುಮಾತಿನಲ್ಲಿ ಹೇಳಿತು: ಇಂಥ ಆದೇಶವನ್ನು ನಿರಾಕರಿಸುವುದು ಕರ್ತವ್ಯ, ಪಾಲಿಸಿದವನು ಕೊಲೆ ಆರೋಪ ಎದುರಿಸಬೇಕು, ‘ಹುಕುಂ ಅಂದರೆ ಹುಕುಂ’ ಎಂದ ನಾಜಿಗಳು ನ್ಯೂರೆಂಬರ್ಗ್‌ನಲ್ಲಿ ನೇಣಿಗೇರಿದರು. ಮಾತು ಪೊಲೀಸರನ್ನು ಕುರಿತದ್ದು, ತತ್ತ್ವಕ್ಕೆ ಸಮವಸ್ತ್ರದ ಬಣ್ಣವಿಲ್ಲ. ಇದರ ಮರುಬದಿಯೂ ಇದೆ. 1981ರಲ್ಲಿ ಅದೇ ಕೋರ್ಟ್, ಪರಿಸ್ಥಿತಿಗೆ ತಕ್ಕುದಾದ ಗುಂಡಿನ ಆದೇಶವನ್ನು ಪಾಲಿಸಿದವರನ್ನು ಕಾಪಾಡಿತು. ಆದೇಶವೇ ಸರಿಯಿದ್ದ ಮೇಲೆ ಪಾಲಿಸಿದವನು ಮನಸ್ಸಿನಲ್ಲಿ ಏನು ನಂಬಿದ್ದ ಎಂಬ ಪ್ರಶ್ನೆ ಏಳುವುದಿಲ್ಲ ಎಂದಿತು.

ಪಟ್ಟಿಯಲ್ಲಿ ಆ ಸಾಲು ಇಲ್ಲ ಎಂದಮಾತ್ರಕ್ಕೆ ಅದು ನಿರಾಕರಣೆಗೆ ಪೂರಾ ನಿರುಪಯೋಗಿ ಎಂದಲ್ಲ. ‘ಮಾಡಬೇಡಿ’ ಭಾಗವನ್ನು ಸಿಪಾಯಿಯ ಕಡೆಯಿಂದ ಓದಿದರೆ ಬೇರೆಯೇ ಆಯುಧ ಸಿಗುತ್ತದೆ. ಬಂಧಿಸಿದ ಮೇಲೆ, ಓಡಿಹೋಗಲು ಯತ್ನಿಸಿದ ಹೊರತು, ಬಲ ಬಳಸಬೇಡಿ. ಬಾಯಿಬಿಡಿಸಲು ಚಿತ್ರಹಿಂಸೆ ಬೇಡ. ಬಂಧಿತನನ್ನು ಸೈನಿಕರು ವಿಚಾರಣೆ ಮಾಡಬೇಡಿ. ನೀವೇ ಬಿಟ್ಟುಕಳಿಸಬೇಡಿ, ನಾಗರಿಕ ಆಡಳಿತದ ಮೂಲಕವೇ ಬಿಡಿ. ಪೊಲೀಸರಿಗೆ ಒಪ್ಪಿಸಿದವನನ್ನು ವಾಪಸ್ ಪಡೆಯಬೇಡಿ. ದಾಖಲೆ ತಿದ್ದಬೇಡಿ. ಇವುಗಳಲ್ಲಿ ಯಾವುದಕ್ಕೂ ಕಾನೂನು ಪದವಿ ಬೇಡ, ಪರಿಸ್ಥಿತಿಯ ವಿಶ್ಲೇಷಣೆ ಬೇಡ. ಕೈ ಕಟ್ಟಿದವನಿಗೆ ಗುಂಡಿಡು ಎಂಬ ಹುಕುಂ ಸರಿಯೋ ತಪ್ಪೋ ಎಂದು ಯೋಚಿಸಲು ಏನೂ ಉಳಿದಿರುವುದಿಲ್ಲ. 1956ರ ಅಕ್ಟೋಬರ್ 29ರಂದು ಇಸ್ರೇಲಿನ ಕಫ್ರ್ ಕಾಸಿಂ ಗ್ರಾಮದಲ್ಲಿ, ಕರ್ಫ್ಯೂ ವಿಷಯವೇ ತಿಳಿಯದೆ ಕೆಲಸದಿಂದ ಮರಳುತ್ತಿದ್ದ ಜನರನ್ನು ಗಡಿ ಪೊಲೀಸರು ಕೊಂದರು. ಆ ಪ್ರಕರಣದ ತೀರ್ಪು ಇದೇ ಅಳತೆಗೆ ಹೆಸರು ಕೊಟ್ಟಿತು: ಆದೇಶದ ಮೇಲೆ ಕಪ್ಪು ಬಾವುಟ ಹಾರಾಡುತ್ತಿರುವಷ್ಟು ಅದರ ಅಕ್ರಮ ಕಣ್ಣಿಗೆ ರಾಚಬೇಕು. ಅದೇ ಸಂಜೆ ಸುತ್ತಲಿನ ಬೇರೆ ಹಳ್ಳಿಗಳಲ್ಲಿ ಅದೇ ಹುಕುಂ ಪಡೆದ ಕೆಲವು ಅಧಿಕಾರಿಗಳು ಜನರನ್ನು ಸುಮ್ಮನೆ ಮನೆಗೆ ಬಿಟ್ಟರು.

ಬಾವುಟ ಕಾಣದ ಕಡೆ ನಿರಾಕರಣೆ ಜೂಜು. ಕಷ್ಟದ, ಅಪಾಯದ, ಅವಿವೇಕದ, ಅವಮಾನವೆನಿಸುವ ಆದೇಶಗಳೆಲ್ಲ ಅಕ್ರಮವಲ್ಲ. ರಾತ್ರಿ ಗಸ್ತು ವ್ಯರ್ಥ ಅನ್ನಿಸಿತು, ಗುಡ್ಡ ಹತ್ತುವ ಯೋಜನೆ ಮೂರ್ಖತನ ಅನ್ನಿಸಿತು ಎಂದು ಕೂತರೆ 41ನೇ ಸೆಕ್ಷನ್ ಕಾದಿರುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಮಾಡಿದರೆ ಮಾಡಿದ ಕೃತ್ಯವೇ ಅಪರಾಧವಾಗುತ್ತದೆಯೇ?

ಆಗುತ್ತದೆ ಎಂದಾದರೆ ಹೇಗೆ ನಿರಾಕರಿಸಬೇಕು? ಪಟ್ಟಿ ಇಲ್ಲಿ ಮೌನ. ಕಾಯ್ದೆಯ ಬೇರೆ ಬೇರೆ ಸೆಕ್ಷನ್‌ಗಳ ಮುಳ್ಳು ತಾಗದಂತೆ ನಡೆಯುವ ದಾರಿ ಹೀಗಿದೆ. ಮೊದಲು ಆದೇಶವನ್ನು ಮತ್ತೊಮ್ಮೆ ಹೇಳಿಸಿಕೊಳ್ಳಿ, ಪಕ್ಕದವರಿಗೂ ಕೇಳುವಂತೆ ಅದನ್ನೇ ತಿರುಗಿ ಹೇಳಿ: ‘ಸರ್, ಈ ಬಂಧಿತನಿಗೆ ಗುಂಡು ಹೊಡೆಯಬೇಕು ಅಂತ ತಾನೇ ಆದೇಶ?’ ಎಷ್ಟೋ ಅಕ್ರಮ ಹುಕುಂಗಳು ಅಡ್ಡಮಾತಿನಲ್ಲಿ ಬರುತ್ತವೆ, ‘ನೋಡ್ಕೊಳ್ಳಿ’, ‘ಮುಗಿಸಿ’ ಎಂದು; ಬಿಡಿಸಿ ಕೇಳಿದಾಗ ಕೊಟ್ಟವರೇ ಹಿಂದೆ ಸರಿಯಬಹುದು. ಆಮೇಲೆ ಪಟ್ಟಿಯ ಸಾಲನ್ನೇ ಹೇಳಿ, ಜೊತೆಗೆ ಸಕ್ರಮ ದಾರಿಯೊಂದನ್ನು ಮುಂದಿಡಿ: ‘ಠಾಣೆಗೆ ಒಪ್ಪಿಸೋಣ ಸರ್, ಬೆಂಗಾವಲಿಗೆ ನಾನು ಹೋಗ್ತೀನಿ.’ ಇದರಿಂದ ನೀವು ಕೆಲಸ ತಪ್ಪಿಸಿಕೊಳ್ಳುತ್ತಿಲ್ಲ ಎನ್ನುವುದು ದಾಖಲಾಗುತ್ತದೆ. ಆಗಲೂ ಒತ್ತಾಯಿಸಿದರೆ ಆ ಒಂದು ಕೃತ್ಯವನ್ನು ಮಾತ್ರ ನಿರಾಕರಿಸಿ. ಜಾಗ ಬಿಟ್ಟು ಹೋಗಬೇಡಿ, ಬಂದೂಕು ಎಸೆಯಬೇಡಿ, ಏರುದನಿ ಬೇಡ. ಬೆದರಿಕೆ, ಅವಿಧೇಯ ಮಾತು, ಗೈರುಹಾಜರಿಗೆ ಬೇರೆಯದೇ ಸೆಕ್ಷನ್‌ಗಳಿವೆ, ಮುಖ್ಯ ವಿಷಯದಲ್ಲಿ ಗೆದ್ದರೂ ಅಲ್ಲಿ ಸಿಕ್ಕಿಕೊಳ್ಳುತ್ತೀರಿ. ಕೊನೆಗೆ ದೂರು. 26ನೇ ಸೆಕ್ಷನ್ ಪ್ರಕಾರ ಅದು ಕಂಪನಿ ಕಮಾಂಡರ್‌ಗೆ. ಆರೋಪ ಅವರ ಮೇಲೆಯೇ ಇದ್ದರೆ ಅವರ ಮೇಲಿನವರಿಗೆ. ಹೊತ್ತು, ಜಾಗ, ಹೇಳಿದ ಮಾತು, ಕೇಳಿಸಿಕೊಂಡವರ ಹೆಸರು ಅದೇ ದಿನ ಬರಹಕ್ಕೆ ಇಳಿಯಬೇಕು.

ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ ಇನ್ನೊಂದಿದೆ: ಒಟ್ಟಾಗಿ ನಿರಾಕರಿಸುವುದು. ‘ನಾವ್ಯಾರೂ ಮಾಡಲ್ಲ’ ಎಂಬ ಬಹುವಚನ 41ರಿಂದ ಎತ್ತಿ 37ನೇ ಸೆಕ್ಷನ್ನಿಗೆ ಹಾಕುತ್ತದೆ. ಅದು ದಂಗೆ, ಗರಿಷ್ಠ ಶಿಕ್ಷೆ ಮರಣ. 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ಗಢವಾಲ್ ರೈಫಲ್ಸ್‌ನ ಯೋಧರು ಒಪ್ಪಲಿಲ್ಲ. ಮುಂದಾಳು ಹವಾಲ್ದಾರ್ ಚಂದ್ರಸಿಂಗ್ ಗಢವಾಲಿಗೆ ಕೋರ್ಟ್ ಮಾರ್ಷಲ್ ಜೀವಾವಧಿ ಶಿಕ್ಷೆ ಕೊಟ್ಟಿತು; ಬಿಡುಗಡೆಯಾದದ್ದು 1941ರಲ್ಲಿ. ಇವತ್ತು ಅವರು ವೀರರು. ಅವತ್ತಿನ ಕಡತದಲ್ಲಿ ದಂಗೆಕೋರರು. ಆದ್ದರಿಂದ ‘ನಾನು’ ಎಂದೇ ಹೇಳಬೇಕು. ಪಕ್ಕದವನೂ ಬೇಕಾದರೆ ಅವನ ‘ನಾನು’ ಅವನು ಹೇಳಿಕೊಳ್ಳಲಿ.

ಪಾಲಿಸಿದವರಿಗೆ ಏನಾಗುತ್ತದೆ? ಪಟ್ಟಿಯ ಹಲ್ಲಿನ ಮಾತು ಇಲ್ಲಿಗೆ ಬಂತು. ಕಾಶ್ಮೀರದ 2010ರ ಮಚಿಲ್ ನಕಲಿ ಎನ್‌ಕೌಂಟರ್‌ಗೆ 2014ರಲ್ಲಿ ಕರ್ನಲ್ ದರ್ಜೆಯ ಅಧಿಕಾರಿಯೂ ಸೇರಿ ಹಲವರಿಗೆ ಕೋರ್ಟ್ ಮಾರ್ಷಲ್ ಜೀವಾವಧಿ ವಿಧಿಸಿತು; 2017ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಐವರ ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಆಂಶಿಪೋರಾ ಪ್ರಕರಣದ ಕ್ಯಾಪ್ಟನ್‌ಗೆ 2023ರಲ್ಲಿ ಜೀವಾವಧಿ ಎಂದು ಕೋರ್ಟ್ ಮಾರ್ಷಲ್ ಹೇಳಿತು, ಅದೇ ವರ್ಷ ಅದೂ ಅಮಾನತಾಯಿತು. 2021ರ ಡಿಸೆಂಬರ್‌ನಲ್ಲಿ ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ ಗಣಿ ಕೆಲಸ ಮುಗಿಸಿ ಬರುತ್ತಿದ್ದವರು ಸತ್ತ ಪ್ರಕರಣದಲ್ಲಿ ರಾಜ್ಯದ ಪೊಲೀಸರು 30 ಸೈನಿಕರ ಮೇಲೆ ದೋಷಾರೋಪ ಪಟ್ಟಿ ಹಾಕಿದರು. ಆಫ್‌ಸ್ಪಾದ 6ನೇ ಸೆಕ್ಷನ್ ಪ್ರಕಾರ ಕೇಂದ್ರದ ಪೂರ್ವಾನುಮತಿ ಬೇಕು, ಅದು ಸಿಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೊಕದ್ದಮೆ ಮುಕ್ತಾಯಗೊಳಿಸಿ, ಶಿಸ್ತುಕ್ರಮ ಸೇನೆಗೆ ಬಿಟ್ಟದ್ದು ಎಂದಿತು. 2016ರ ಜುಲೈನಲ್ಲಿ ಮಣಿಪುರದ ಎನ್‌ಕೌಂಟರ್ ಸಾವುಗಳ ಪ್ರಕರಣದಲ್ಲಿ ಇದೇ ಕೋರ್ಟ್, ಅಪರಾಧ ಎಸಗಿದ ಸೈನಿಕನಿಗೆ ಸಂಪೂರ್ಣ ವಿನಾಯಿತಿ ಎಂಬುದಿಲ್ಲ ಎಂದಿತ್ತು. ಎರಡನ್ನೂ ಒಟ್ಟಿಗೆ ಓದಿಕೊಂಡ ಸಿಪಾಯಿಗೆ ಸಿಗುವ ಲೆಕ್ಕ ಕಹಿಯಾದದ್ದು: ನಿರಾಕರಿಸಿದರೆ ತೊಂದರೆ ಅದೇ ಸಂಜೆ ಖಚಿತ, ಪಾಲಿಸಿದರೆ ತೊಂದರೆ ಯಾವತ್ತೋ, ಬಹುಶಃ. ಆ ತಕ್ಕಡಿ ಹಾಗೆಯೇ ಇರುವಷ್ಟು ದಿನ ಬರೀ ಪಟ್ಟಿಯಿಂದ ಹೆಚ್ಚೇನೂ ನಿರೀಕ್ಷಿಸಲಾಗದು.

ಹಾಗಿದ್ದರೂ ಪಟ್ಟಿಯನ್ನು ಸರಿಪಡಿಸುವುದು ಕಷ್ಟದ ಕೆಲಸವಲ್ಲ. ಜರ್ಮನಿ 1956ರ ತನ್ನ ಸೈನಿಕರ ಕಾಯ್ದೆಯ 11ನೇ ಸೆಕ್ಷನ್ನಿನಲ್ಲೇ ಎರಡು ಹಂತ ಬರೆದಿಟ್ಟಿದೆ: ಮಾನವ ಘನತೆಗೆ ಕುಂದು ತರುವ ಆದೇಶವನ್ನು ಪಾಲಿಸದಿದ್ದರೆ ಅವಿಧೇಯತೆ ಅಲ್ಲ, ಪಾಲಿಸಿದರೆ ಅಪರಾಧವಾಗುವ ಆದೇಶವನ್ನು ಪಾಲಿಸಲೇಕೂಡದು. ನಮ್ಮಲ್ಲಿ ಕಾಯ್ದೆ ತಿದ್ದುವ ತನಕ ಕಾಯಬೇಕಾಗಿಲ್ಲ, ಸೂಚನೆಗೆ ಒಂದು ಸಾಲು ಸಾಕು: ‘ಮೇಲಿನ “ಮಾಡಬೇಡಿ”ಗಳಿಗೆ ವಿರುದ್ಧವಾದ ಆದೇಶ 41ನೇ ಸೆಕ್ಷನ್ನಿನ ಕಾನೂನುಬದ್ಧ ಆದೇಶವಲ್ಲ, ಪಾಲಿಸಬೇಡಿ, ಮೇಲಿನವರಿಗೆ ತಕ್ಷಣ ತಿಳಿಸಿ.’ ಪಕ್ಕದಲ್ಲಿ ‘24 ಗಂಟೆ’ಯ ಬಾಲ ಕತ್ತರಿಸಬೇಕು. ಪಟ್ಟಿ ಈಗಲೇ ಉದ್ದ, ಇನ್ನೊಂದು ಸಾಲಿಗೆ ಜಾಗವೆಲ್ಲಿ ಎನ್ನುವವರಿದ್ದರೆ, ಉಡುಗೊರೆ ಇನಾಮು ತೆಗೆದುಕೊಳ್ಳಬೇಡಿ ಎಂಬ ಸಾಲೂ ಕೋರ್ಟಿನಲ್ಲಿ ವಿನಯದಿಂದ ಉತ್ತರಿಸಿ ಎಂಬ ಸಾಲೂ ಅದರಲ್ಲಿವೆ. ಅವುಗಳ ನಡುವೆ ತೂರಿಸಬಹುದು.